ದೊಡ್ಡಪ್ಪನ 90 ದಿನ, ಭಾವನ 42 ದಿನ

ಬುಧವಾರ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಲ್ಲಿ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ನಾನು ಊಟ ಮುಗಿಸುವಷ್ಟರಲ್ಲಿ 60 ಮೆಸೇಜು. ಅಡಿಕೆ ರೇಟು, ಮಳೆಯ ಫೋಟೋ ಬಿಟ್ಟು ಉಳಿದದ್ದು ಇಲ್ಲಿದೆ.

ದೊಡ್ಡಪ್ಪ: "ಸರ್ಕಾರ ಜಮೀನು ತಗೊಂಡು ಕಡಿಮೆ ಪರಿಹಾರ ಕೊಟ್ಟಿದೆಯಾ? ಪ್ರಶ್ನೆ ಮಾಡಲು 90 ದಿನ ಇದೆ. ಎಲ್ಲ ರೈತರಿಗೂ ತಲುಪಿಸಿ."

ದೊಡ್ಡಪ್ಪ: ತೀರ್ಥಹಳ್ಳಿ ಅಳಿಯಂದಿರು ಓದಬೇಕು. ಅವಸರ ಇಲ್ಲ. ಮಳೆ ಬಿಟ್ಟ ಮೇಲೆ ಹೋದರೆ ಸಾಕು.

ಪುಟ್ಟ: ದೊಡ್ಡಪ್ಪ, ಇದು ತಪ್ಪು. ಆರೇ ವಾರ. ಈಗಷ್ಟೇ ಗೂಗಲ್ ಮಾಡಿದೆ.

ದೊಡ್ಡಪ್ಪ: ನಿನ್ನ ಗೂಗಲ್ ಹುಟ್ಟೋ ಮೊದಲೇ ಅರ್ಜಿ ಕೊಟ್ಟವನು ನಾನು. 1996ರಲ್ಲಿ ನಾಲೆಗೆ ಗದ್ದೆ ಹೋದಾಗ 90 ದಿನವೇ ಇದ್ದದ್ದು.

ಸಾಗರದ ಅತ್ತೆ: ಎಷ್ಟು ದಿನ ಇದ್ದರೇನು. ಲಿಂಗನಮಕ್ಕಿ ಡ್ಯಾಂ ಆಗಿ 60 ವರ್ಷ ಆಯ್ತು. ನಮ್ಮ ಮಾವನವರ ಮುಳುಗಡೆ ಕಾಗದ ಇನ್ನೂ ಟ್ರಂಕಲ್ಲಿದೆ. ಕೊಟ್ಟಷ್ಟು ತಗೊಂಡು ಸುಮ್ನಿರೋದು ವಾಸಿ.

ಅಕ್ಕ: ಹಾಗಂದ್ರೆ ಹೇಗೆ ಅತ್ತೆ? ನಮ್ಮ 11 ಗುಂಟೆ ಅಡಿಕೆ ತೋಟ ಹೋಗಿದೆ. ಅದಕ್ಕೆ ಖುಷ್ಕಿ, ಅಂದ್ರೆ ಒಣ ಭೂಮಿ ರೇಟು ಹಾಕಿದ್ದಾರೆ. 150 ಮರ ಇದ್ದಲ್ಲಿ 90 ಅಂತ ಬರೆದಿದ್ದಾರೆ.

ಶಿವಮೊಗ್ಗದಲ್ಲಿ ವಕೀಲರ ಆಫೀಸಲ್ಲಿ ಟೈಪಿಂಗ್ ಮಾಡುವವಳು ನಾನು. ದೊಡ್ಡಪ್ಪನ ಮಾತಿಗೆ ಎದುರು ಹೇಳುವುದು ನಮ್ಮನೆಯಲ್ಲಿ ಸುಲಭ ಅಲ್ಲ. ಆದರೂ ಬರೆದೆ.

ನಾನು: ದೊಡ್ಡಪ್ಪ, ನೀವು ಹೇಳೋದೂ ಸರಿ, ಪುಟ್ಟ ಹೇಳೋದೂ ಸರಿ. ನಿಮ್ಮದು 1894ರ ಕಾಯ್ದೆ. ಅದರಲ್ಲಿ ಆರು ವಾರ ಇದ್ದದ್ದನ್ನ ಕರ್ನಾಟಕ ತಿದ್ದುಪಡಿ ಮಾಡಿ, ನೋಟಿಸು ಸಿಕ್ಕ ದಿನದಿಂದ 90 ದಿನ ಮಾಡಿತ್ತು. 2014ರ ಜನವರಿ 1ರಿಂದ 2013ರ ಕಾಯ್ದೆ ಬಂತು. ಅದರ 64ನೇ ಕಲಂನಲ್ಲಿ ಆರು ವಾರ. ಭಾವ, ನೋಟಿಸಿನ ತಲೆಬರಹದಲ್ಲಿ ಯಾವ ಇಸವಿ ಇದೆ ನೋಡಿ. 1956 ಅಂತಿದ್ದರೆ ನ್ಯಾಷನಲ್ ಹೈವೇ ಕಾಯ್ದೆ, ಆಗ ದಾರಿಯೇ ಬೇರೆ. ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಹತ್ತಿರ ಹೋಗಬೇಕು.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಫೋಟೋ ಬಂತು. ನೋಟಿಸು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟದ್ದಂತೆ. ಮೂಲೆಗೆ ತೇವ ಹಿಡಿದಿದೆ, ಲಕೋಟೆಯ ಮೇಲೆ ಅಂಚೆ ಸೀಲು.

ತೀರ್ಥಹಳ್ಳಿ ಭಾವ: 2013 ಅಂತಿದೆ. ಐತೀರ್ಪು (ಪರಿಹಾರ ಇಷ್ಟು ಅಂತ ಅಧಿಕಾರಿ ಮಾಡಿದ ಆದೇಶ) ಜೂನ್ 3ರದ್ದು. ಇದು ನನ್ನ ಕೈಗೆ ಬಂದಿದ್ದು ಜೂನ್ 28.

ಪುಟ್ಟ: ಜೂನ್ 3ರಿಂದ ಲೆಕ್ಕ ಹಾಕಿದರೆ ಜುಲೈ 15ಕ್ಕೇ ಮುಗೀತು!! ಇವತ್ತು 30.

ನಾನು: ತಡಿ ಮಾರಾಯ. ಭಾವ, ಐತೀರ್ಪು ಹೇಳುವಾಗ ನೀವು ಅಲ್ಲಿದ್ದಿರಾ? ನಿಮ್ಮ ಪರವಾಗಿ ಯಾರಾದರೂ?

ತೀರ್ಥಹಳ್ಳಿ ಭಾವ: ಇಲ್ಲಪ್ಪ. ಆ ವಾರ ಪೂರ್ತಿ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸ್ತಿದ್ದೆ.

ನಾನು: ಬದುಕಿದಿರಿ. ಎದುರಿಗೆ ಇದ್ದವರಿಗೆ ಐತೀರ್ಪಿನ ದಿನದಿಂದ ಆರು ವಾರ. ಇಲ್ಲದವರಿಗೆ ನೋಟಿಸು ಸಿಕ್ಕ ಮೇಲೆ ಆರು ವಾರ, ಇಲ್ಲವೇ ಐತೀರ್ಪಾಗಿ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತೋ ಅದು. ನಿಮಗೆ ಆಗಸ್ಟ್ 9ರವರೆಗೆ ಇದೆ. ಅದು ಎರಡನೇ ಶನಿವಾರ, ಸರ್ಕಾರಿ ಆಫೀಸಿಗೆ ರಜೆ. ಲಕೋಟೆ ಜೋಪಾನ.

ದೊಡ್ಡಪ್ಪ: ತಡ ಆದರೆ ಮನ್ನಾ ಮಾಡಲ್ವಾ?

ನಾನು: ಸರಿಯಾದ ಕಾರಣ ತೋರಿಸಿದರೆ ಮುಂದಿನ ಒಂದು ವರ್ಷದೊಳಗೆ ಅರ್ಜಿ ತಗೋಬಹುದು. ಅದು ಅಧಿಕಾರಿಗೆ ಒಪ್ಪಿಗೆಯಾದರೆ ಮಾತ್ರ. ಬೋರ್ಡೋ ಕಾರಣ ನಡೆಯುತ್ತೋ ಇಲ್ವೋ!

ಸಾಗರದ ಅತ್ತೆ: ಕೇಸು ಅಂತ ಹೋದರೆ ಕೈಗೆ ಬರೋ ದುಡ್ಡೂ ನಿಂತು ಹೋಗತ್ತೆ. ಹುಡುಗಿ ಕಾಲೇಜು ಫೀಸಿದೆ.

ಅತ್ತೆಯದ್ದು ಒಣ ಮಾತಲ್ಲ. ನಮ್ಮ ಆಫೀಸಿಗೆ ಬರುವವರಲ್ಲಿ ಅರ್ಧ ಜನ ಇದೇ ಹೆದರಿಕೆಯವರು.

ನಾನು: ನಿಲ್ಲಲ್ಲ ಅತ್ತೆ. ದುಡ್ಡು ತಗೊಂಡೇ ಕೇಸು ಹಾಕಬಹುದು. ಆದರೆ ತಗೊಳ್ಳುವಾಗ 'ಪರಿಹಾರದ ಮೊತ್ತಕ್ಕೆ ಆಕ್ಷೇಪಣೆ ಇಟ್ಟುಕೊಂಡು ಪಡೆದಿದ್ದೇನೆ' ಅಂತ ಕೈಯಲ್ಲಿ ಬರೆದು ಸಹಿ ಹಾಕಬೇಕು. ಬರೀ ಸಹಿ ಹಾಕಿದರೆ 77ನೇ ಕಲಂ ಪ್ರಕಾರ ಜಾಸ್ತಿ ಕೇಳೋ ಹಕ್ಕೇ ಹೋಯ್ತು. ಭಾವ, ಸಹಿ ಹಾಕಿ ಆಗಿದೆಯಾ?

ತೀರ್ಥಹಳ್ಳಿ ಭಾವ: ಬ್ಯಾಂಕ್ ಫಾರಂ ತಂದಿಟ್ಟಿದ್ದೇನೆ. ನಾಳೆ ಕೊಡೋಣ ಅಂತಿದ್ದೆ.

ಅಕ್ಕ: ದೇವರೇ.

ಪುಟ್ಟ: ದೊಡ್ಡಪ್ಪ, ನಿಮ್ಮ ಕೇಸು ಏನಾಯ್ತು? 90 ದಿನದೊಳಗೇ ಕೊಟ್ಟಿದ್ದಿರಲ್ಲ.

ಈ ಪ್ರಶ್ನೆ ನಮ್ಮನೆಯಲ್ಲಿ ಯಾರೂ ಕೇಳಿರಲಿಲ್ಲ. ದೊಡ್ಡಪ್ಪ ಟೈಪ್ ಮಾಡ್ತಿದ್ದಾರೆ ಅಂತ ತುಂಬಾ ಹೊತ್ತು ತೋರಿಸ್ತಾ ಇತ್ತು.

ದೊಡ್ಡಪ್ಪ: ಕೊಟ್ಟೆ. ಅಧಿಕಾರಿಗಳು ಇನ್ನೊಂದು 90 ದಿನದಲ್ಲಿ ಅದನ್ನ ಕೋರ್ಟಿಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಕೋರ್ಟಲ್ಲಿದೆ ಅಂದುಕೊಂಡು ನಾನು ಐದು ವರ್ಷ ಕಾದೆ. ಕಳಿಸದಿದ್ದರೆ ನಾವೇ ಕೋರ್ಟಿಗೆ ಹೋಗಿ ಕಳಿಸಿ ಅಂತ ಕೇಳಬಹುದಿತ್ತಂತೆ. ಅದಕ್ಕೂ ಮೂರೇ ವರ್ಷ ಅಂತ ವಕೀಲರು ಹೇಳಿದಾಗ ಎಲ್ಲಾ ಮುಗಿದಿತ್ತು. ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿದ ಪ್ರತಿ ಕೂಡ ನನ್ನ ಹತ್ತಿರ ಇರಲಿಲ್ಲ.

ಯಾರೂ ಉತ್ತರಿಸಲಿಲ್ಲ. ಪುಟ್ಟ ಕೈಮುಗಿದ ಗುರುತು ಹಾಕಿದ.

ನಾನು: ಈಗಿನ ಕಾಯ್ದೆಯಲ್ಲಿ 30 ದಿನದಲ್ಲಿ ಪ್ರಾಧಿಕಾರಕ್ಕೆ, ಅಂದರೆ ಪರಿಹಾರದ ತಕರಾರು ತೀರ್ಮಾನ ಮಾಡೋ ಕಡೆಗೆ, ಕಳಿಸಬೇಕು ದೊಡ್ಡಪ್ಪ. ಕಳಿಸದಿದ್ದರೆ ನೇರ ಅಲ್ಲಿಗೇ ಅರ್ಜಿ ಹಾಕಬಹುದು. ಭಾವನದ್ದನ್ನ ನಾನು ಡೈರಿಯಲ್ಲಿ ಬರೆದಿಟ್ಟುಕೊಳ್ತೇನೆ.

ಸ್ವಲ್ಪ ಹೊತ್ತಿಗೆ ಮೇಲಿನ ಫಾರ್ವರ್ಡ್ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಬಂತು.

ತೀರ್ಥಹಳ್ಳಿ ಭಾವ: ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬರ್ತೇನೆ. ಪಹಣಿ, ಮರದ ಫೋಟೋ ಎಲ್ಲ ತರ್ತೇನೆ. ಅರ್ಜಿ ಎರಡು ಪ್ರತಿ ಸಾಕಾ?

ದೊಡ್ಡಪ್ಪ: ಮೂರು ಮಾಡಿಸಿ. ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಂಡೇ ಮೆಟ್ಟಿಲು ಇಳೀರಿ. ನಾನೂ ಬರ್ತೇನೆ.