ತುರ್ತು: ‘ಉದಯೋನ್ಮುಖ ರೋಗ’ಕ್ಕೆ ಬೋರ್ಡಿನಲ್ಲಿ ಹಾಕುವಂಥ ಕನ್ನಡ ಬೇಕು

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಸರಗೋಡು ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಮಳೆಗಾಲದ ಬೋರ್ಡು. ಮಲಯಾಳದ್ದು ಆಗಲೇ ಸಿದ್ಧ. ಕನ್ನಡದ್ದನ್ನು ಯಾರೋ ಕಂಪ್ಯೂಟರಿಗೆ ಹಾಕಿ ತೆಗೆದಿದ್ದಾರೆ. ತಲೆಬರಹ ಹೀಗಿದೆ: ‘ಉದಯೋನ್ಮುಖ ಮತ್ತು ಪುನರುದಯೋನ್ಮುಖ ಸಾಂಕ್ರಾಮಿಕ ರೋಗಗಳು: ತ್ವರಿತ ನಿದಾನ’.

ಉದಯೋನ್ಮುಖ ಅಂದ ಕೂಡಲೇ ನನಗೆ ನೆನಪಾಗುವುದು ಉದಯೋನ್ಮುಖ ಕವಿ, ಉದಯೋನ್ಮುಖ ಭಾಗವತ. ರೋಗವನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ ಹಾಗಿದೆ. ‘ತ್ವರಿತ ನಿದಾನ’ ಇನ್ನೂ ಚಂದ. ನಿದಾನ ಅಂದರೆ ರೋಗ ಗುರುತಿಸುವುದು, ಆದರೆ ಓದುವವರು ಅದನ್ನು ‘ನಿಧಾನ’ ಅಂತಲೇ ಓದುತ್ತಾರೆ. ಬೇಗ ನಿಧಾನ ಮಾಡುವುದು ಹೇಗೆ?

ನನಗೆ ಮೂರು ಪದ ಬೇಕು. ಒಂದು, ಮೊದಲು ಇಲ್ಲದೆ ಈಗ ಕಾಣಿಸಿಕೊಂಡ ರೋಗಕ್ಕೆ. ನಿಪಾದಂಥದ್ದು. ಇನ್ನೊಂದು, ಹೋಯಿತು ಅಂದುಕೊಂಡಾಗ ಮತ್ತೆ ಬಂದದ್ದಕ್ಕೆ. ಚಿಕೂನ್‌ಗುನ್ಯಾದಂಥದ್ದು. ಮತ್ತೊಂದು, ಪರೀಕ್ಷೆ ಮಾಡಿ ಇದು ಇಂಥ ರೋಗ ಅಂತ ಹೇಳುವುದಕ್ಕೆ.

ಬೋರ್ಡಿನ ಕೆಳಗಿನ ರೋಗಗಳ ಪಟ್ಟಿಯಲ್ಲಿ ಮಲಯಾಳದ ‘ಚೆಳ್ಳುಪನಿ’ಯನ್ನು ‘ಚಿಗಟ ಜ್ವರ’ ಮಾಡಿದ್ದಾರೆ, ‘ಕುರಂಙುಪನಿ’ಯನ್ನು ‘ಮಂಗನ ಜ್ವರ’ ಮಾಡಿದ್ದಾರೆ. ಇವು ಸರಿಯಾ? ಗೊತ್ತಿದ್ದವರು ಹೇಳಿ.

ಮೈಸೂರಿನಿಂದ:

ಉದಯೋನ್ಮುಖ ತಪ್ಪಲ್ಲ. ಹುಟ್ಟಿಗೆ ಮುಖ ಮಾಡಿದ್ದು ಅಂತ ಅರ್ಥ, ಕವಿಯೇ ಆಗಬೇಕೆಂದಿಲ್ಲ. ಎರಡನೆಯದಕ್ಕೆ ‘ಮರುಕಳಿಸುವ ರೋಗ’, ಮೂರನೆಯದಕ್ಕೆ ‘ರೋಗನಿರ್ಣಯ’. ನಿಘಂಟು ತೆಗೆದು ನೋಡಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಸೊಲ್ಲಾಪುರದಿಂದ:

ಕೇಳಿದ್ದು ಕನ್ನಡ ಪದ. ಮೈಸೂರಿನವರು ಕೊಟ್ಟ ಮೂರರಲ್ಲಿ ಎರಡೂವರೆ ಸಂಸ್ಕೃತ. ‘ಮರುಕಳಿಸು’ ಒಂದೇ ನಮ್ಮದು, ಅದರ ಹಿಂದೆಯೂ ‘ರೋಗ’ ಬಂದು ಕೂತಿದೆ. ನನ್ನ ಪದಗಳು: ‘ಹೊಸಬೇನೆ’, ‘ಮರುಬೇನೆ’, ‘ಬೇನೆಯರಿಕೆ’. ಸಾಂಕ್ರಾಮಿಕ ಅನ್ನುವುದೇ ಬೇಡ, ‘ಸೋಂಕು’ ಇದೆಯಲ್ಲ. ಸೋಂಕು ಅಂದರೆ ತಾಗು, ಅಪ್ಪಟ ಕನ್ನಡ. ಆದರೆ ದಯವಿಟ್ಟು ‘ಸೋಂಕಿತ’ ಬರೆಯಬೇಡಿ. ಕನ್ನಡದ ಬುಡಕ್ಕೆ ಸಂಸ್ಕೃತದ ಬಾಲ ಅಂಟಿಸಿದ ಆ ಪದವನ್ನು ಕೊರೊನಾ ಕಾಲದಲ್ಲಿ ಪೇಪರಿನವರು ಮನೆಮನೆಗೆ ಹಂಚಿದರು. ‘ಸೋಂಕು ತಗಲಿದವರು’ ಅಂದರೆ ಏನು ಕಡಿಮೆಯಾಗುತ್ತಿತ್ತು?

ಬದಿಯಡ್ಕದಿಂದ:

ಸೋಂಕು ತೆಗೆದುಕೊಂಡೆ, ಥ್ಯಾಂಕ್ಸ್. ‘ಹೊಸಬೇನೆ’ ಮಾತ್ರ ನಮ್ಮಲ್ಲಿ ನಡೆಯುವುದಿಲ್ಲ ಸಾರ್. ಇಲ್ಲಿ ಬೇನೆ ಅಂದರೆ ನೋವು. ಹೊಟ್ಟೆಬೇನೆ, ಸೊಂಟಬೇನೆ. ‘ಬೇನೆ ಶುರುವಾಯಿತು’ ಅಂದರೆ ಹೆರಿಗೆ ಅಂತ ತಿಳಿದು ಜೀಪು ಕರೆಸುತ್ತಾರೆ.

ನೀರ್ಚಾಲಿನಿಂದ:

ಎಲ್ಲರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ‘ಪನಿ’! ಮಲಯಾಳದಲ್ಲಿ ಪನಿ ಅಂದರೆ ಜ್ವರ, ಇಬ್ಬನಿಯೂ ಹೌದು. ತಮಿಳಿನಲ್ಲಿ ಪನಿ ಅಂದರೆ ಇಬ್ಬನಿ, ಚಳಿ. ಹಳಗನ್ನಡದಲ್ಲಿ ಪನಿ ಅಂದರೆ ತೊಟ್ಟು. ಪಕಾರ ಹಕಾರವಾಗಿ ನಮ್ಮ ‘ಹನಿ’. ಇಬ್ಬನಿಯಲ್ಲಿ ಇಂದಿಗೂ ಆ ‘ಪನಿ’ಯೇ ‘ಬನಿ’ಯಾಗಿ ಕೂತಿದೆ. ಇಬ್ಬನಿಯಿಂದ ಚಳಿ, ಚಳಿಯಿಂದ ನಡುಕ, ನಡುಕದಿಂದ ಜ್ವರ. ನಾವು ‘ಚಳಿಜ್ವರ’ ಅನ್ನುವುದಿಲ್ಲವಾ? ಹಾಗಾಗಿ ಇಲಿಜ್ವರಕ್ಕೆ ಮಲಯಾಳದಲ್ಲಿ ಹೇಳುವ ಎಲಿಪ್ಪನಿಯನ್ನು ‘ಇಲಿಪನಿ’ ಅಂತಲೇ ಬರೆಯಿರಿ. ಕಳೆದುಹೋದ ನಮ್ಮದೇ ಪದ ಪಕ್ಕದ ಮನೆಯಿಂದ ವಾಪಸ್ ಬಂದ ಹಾಗಾಗುತ್ತದೆ.

ಮೈಸೂರಿನಿಂದ:

ಇಲಿಯ ಹನಿ ಅಂದರೆ ಇಲಿಯ ಮೂತ್ರ ಅಂತ ಓದಿಕೊಳ್ಳುತ್ತಾರೆ.

ಮಂಜೇಶ್ವರದಿಂದ:

ಮೈಸೂರಿನವರು ತಮಾಷೆಗೆ ಹೇಳಿದ್ದು ನಿಜವೇ. ಇಲಿಜ್ವರ ಬರುವುದು ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ. ಕಾಲಿನಲ್ಲಿ ಗಾಯ ಇದ್ದವರು ಗದ್ದೆಗೆ, ಅಡಿಕೆ ತೋಟದ ಕಣಿಗೆ ಇಳಿದರೆ ಸಾಕು.

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ವ್ಯಾಕರಣ ನಿಮಗೆ ಬಿಟ್ಟೆ, ಆದರೆ ಪದ ತಪ್ಪಿದರೆ ತೊಂದರೆ ಎಲ್ಲಿ ಅಂತ ಹೇಳುತ್ತೇನೆ.

‘ಮರುಕಳಿಸುವ’ ಬೇಡ. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಲಿವರಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಅದೇ ಮನುಷ್ಯನಿಗೆ ಮತ್ತೆ ಬರುತ್ತದೆ. ಅದು ಮರುಕಳಿಸುವುದು. ಇಲ್ಲಿ ಕೇಳಿದ್ದು ಊರಿಗೆ ವಾಪಸ್ ಬಂದ ರೋಗ. ಚಿಕೂನ್‌ಗುನ್ಯಾ 1973ರಲ್ಲಿ ಬಾರ್ಶಿಯಲ್ಲಿ ಬಂದು ಹೋದ ಮೇಲೆ ನಮ್ಮ ದೇಶದಲ್ಲಿ 30 ವರ್ಷಕ್ಕೂ ಜಾಸ್ತಿ ಸುಮ್ಮನಿತ್ತು. 2005-06ರಲ್ಲಿ ಮತ್ತೆ ಎದ್ದಿತು. ಬಾರ್ಶಿ ಸೊಲ್ಲಾಪುರದವರ ಜಿಲ್ಲೆಯೇ ಅಲ್ವಾ?

‘ಚಿಗಟ ಜ್ವರ’ ತಪ್ಪು. ಚೆಳ್ಳುಪನಿ ಅಂದರೆ ಸ್ಕ್ರಬ್ ಟೈಫಸ್. ಕಚ್ಚುವುದು ಚಿಗಟ ಅಲ್ಲ, ಪೊದೆ ಹುಲ್ಲಿನಲ್ಲಿರುವ ನುಸಿಯ ಮರಿ. ತೆಂಗಿನ ಕಾಯಿಗೆ ಬರುವ ನುಸಿಯ ದೂರದ ನೆಂಟ. ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಕಲೆ ಬೀಳಬಹುದು. ಕಂಕುಳಲ್ಲೋ ತೊಡೆಸಂದಿಯಲ್ಲೋ ಇರುತ್ತದೆ, ನಾಚಿಕೆಯಿಂದ ತೋರಿಸುವುದಿಲ್ಲ. ಡಾಕ್ಟರು ಅದನ್ನು ಕಂಡರೆ ಲ್ಯಾಬಿನ ಉತ್ತರಕ್ಕೆ ಕಾಯದೆ ಡಾಕ್ಸಿಸೈಕ್ಲಿನ್ ಔಷಧ ಶುರು ಮಾಡುತ್ತಾರೆ. ಬೋರ್ಡಿನಲ್ಲಿ ‘ಕಪ್ಪು ಕಲೆ ಇದ್ದರೆ ತೋರಿಸಿ’ ಅನ್ನುವ ಒಂದು ಸಾಲು ನಿಮ್ಮ ತಲೆಬರಹಕ್ಕಿಂತ ಉಪಯೋಗ.

‘ಮಂಗನ ಜ್ವರ’ ಅಪಾಯ. ಮಲಯಾಳದಲ್ಲಿ ಎರಡು ರೋಗಕ್ಕೂ ಜನ ಕುರಂಙುಪನಿ ಅಂದದ್ದನ್ನು ಕೇಳಿದ್ದೇನೆ. ಒಂದು ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು, ಉಣುಗು (ಉಣ್ಣೆಹುಳ) ಕಚ್ಚಿ ಬರುವುದು, ಆಮೇಲೆ ವಯನಾಡಿನಲ್ಲೂ ಕಂಡಿತು. ಇನ್ನೊಂದು ಮಂಕಿಪಾಕ್ಸ್. ಮೈಮೇಲೆ ಬೊಕ್ಕೆ ಏಳುವುದು, ಹತ್ತಿರದ ಸಂಪರ್ಕದಿಂದ ಹರಡುವುದು. 2022ರಲ್ಲಿ ದೇಶದ ಮೊದಲ ರೋಗಿ ಸಿಕ್ಕಿದ್ದು ಕೇರಳದಲ್ಲೇ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎಂಪಾಕ್ಸ್ ಅಂತ ಮಾಡಿತು. ಮೊದಲು ಮಲಯಾಳ ಬರೆದವರಿಗೆ ಫೋನ್ ಮಾಡಿ ಯಾವುದು ಅಂತ ಕೇಳಿ.

ಸೊಲ್ಲಾಪುರದಿಂದ:

ಹೌದು, ಬಾರ್ಶಿ ನಮ್ಮದೇ. ‘ಬೇನೆ’ ಬಿಡಿ, ಒಪ್ಪಿದೆ. ಆದರೆ ‘ತಪಾಸಣೆ’ ಮಾತ್ರ ಹಾಕಬೇಡಿ, ಅದು ಮರಾಠಿ. ದಿನಾ ಅದರ ಮಧ್ಯೆಯೇ ಬದುಕುವವನು ನಾನು. ‘ರೋಗಪತ್ತೆ’ ಅನ್ನಿ.

ಮೈಸೂರಿನಿಂದ:

‘ಪತ್ತೆ’ ಎಲ್ಲಿಂದ ಬಂತು ಸ್ವಾಮಿ? ಹಿಂದಿ ಮರಾಠಿಯ ‘ಪತ್ತಾ’. ನೀವು ಬಿಟ್ಟ ‘ಬೇನೆ’ಯೂ ‘ವೇದನೆ’ಯ ತದ್ಭವ ಅನ್ನುವವರಿದ್ದಾರೆ. ‘ಕಾಯಿಲೆ’ ಹಿಂದುಸ್ತಾನಿಯ ‘ಕಾಹಿಲಿ’, ಸೋಮಾರಿತನ. ‘ಜಾಡ್ಯ’ ಸಂಸ್ಕೃತ. ಕರಾವಳಿಯವರು ‘ಸೀಕು’ ಅನ್ನುತ್ತಾರೆ, ಅದು ಇಂಗ್ಲಿಷಿನ ಸಿಕ್. ಬಂದ ಪದ ಎಲ್ಲ ಬೇಡ ಅಂದರೆ ಕನ್ನಡಿಗರಿಗೆ ರೋಗವೇ ಬರುವ ಹಾಗಿಲ್ಲ.

ನೀರ್ಚಾಲಿನಿಂದ:

‘ನೋವು’ ಇದೆ! ಅದು ನಮ್ಮದೇ, ತಮಿಳಿನಲ್ಲಿ ‘ನೋಯ್’ ಅಂದರೆ ರೋಗ.

ಸೊಲ್ಲಾಪುರದಿಂದ:

ಮೈಸೂರಿನವರೇ, ನಿಮ್ಮ ಊರಿನಲ್ಲಿ ಶಾಲೆಯ ಬಾಗಿಲಲ್ಲಿ ಕನ್ನಡದ್ದೇ ಬೋರ್ಡು ಇರುವುದು, ಅದಕ್ಕೆ ನಿಮಗೆ ತಮಾಷೆ. ನಮ್ಮಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ ಆಡಿ ಬೀದಿಯಲ್ಲಿ ಮರಾಠಿಗೆ ತಿರುಗುತ್ತಾರೆ. ಒಂದೊಂದು ಪದ ಹೋದಾಗಲೂ ಗೊತ್ತಾಗುವುದು ಗಡಿಯವರಿಗೆ. 1956ರಲ್ಲಿ ರಾಜ್ಯಗಳ ಗಡಿಗೆರೆ ಎಳೆದವರು ಪದಕೋಶ ನೋಡಿ ಎಳೆಯಲಿಲ್ಲ.

ಬದಿಯಡ್ಕದಿಂದ:

ನಿಮ್ಮ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮದೂ ಅದೇ 1956. ಆದರೆ ನನ್ನ ಬೋರ್ಡು ನಾಳೆಯದು.

ಫೋನ್ ಮಾಡಿದೆ. ಅವರು ಹೇಳಿದ್ದು ಉಣುಗಿನಿಂದ ಬರುವುದನ್ನೇ. ಹಾಗಾಗಿ ‘ಮಂಗನ ಕಾಯಿಲೆ’ ಅಂತ ಹಾಕುತ್ತೇನೆ, ಪಕ್ಕದಲ್ಲಿ ‘ಉಣುಗು ಕಚ್ಚಿ ಬರುವುದು’. ಕಾಹಿಲಿ ಇರಲಿ ಬಿಡಿ. ಸ್ಕ್ರಬ್ ಟೈಫಸ್‌ಗೆ ‘ನುಸಿಜ್ವರ’ ಅಂತ ಬರೆದು ಮನೆಯಲ್ಲಿ ತೋರಿಸಿದೆ. ಅಮ್ಮ ಓದಿ, ‘ಡೆಂಗಿಯಾ?’ ಅಂತ ಕೇಳಿದರು. ನಮ್ಮ ಹವ್ಯಕರ ಮನೆಗಳಲ್ಲಿ ನುಸಿ ಅಂದರೆ ಸೊಳ್ಳೆ. ಮರೆತೇಬಿಟ್ಟಿದ್ದೆ! ಈಗೇನು ಮಾಡಲಿ?

ಮಂಜೇಶ್ವರದಿಂದ:

ಚೆಳ್ಳುಪನಿ ಅಂತಲೇ ಹಾಕಿ. ನಿಮ್ಮಲ್ಲಿ ಕನ್ನಡದವರೂ ಅದನ್ನೇ ಹೇಳುವುದು. ರೋಗಿಗೆ ಗೊತ್ತಿರುವ ಹೆಸರು ಬೋರ್ಡಿನಲ್ಲಿರಲಿ.

ಇನ್ನೊಂದು. ಕೊನೆಯ ಸಾಲಿನಲ್ಲಿ ‘ಫಲಿತಾಂಶ ಋಣಾತ್ಮಕವಾದರೆ’ ಅಂತ ಇದ್ದರೆ ತೆಗೆಯಿರಿ, ‘ನೆಗೆಟಿವ್’ ಅನ್ನುವುದನ್ನು ಕಂಪ್ಯೂಟರ್ ಖಂಡಿತ ಹಾಗೆ ಮಾಡಿರುತ್ತದೆ. ‘ರೋಗ ಇಲ್ಲ’ ಅಂತಲೂ ಬರೆಯಬೇಡಿ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಜ್ವರ ಬಂದ ಮೊದಲ ಐದು ದಿನಕ್ಕೆ ಸರಿ. ಅದು ವೈರಸ್ಸಿನದೇ ಪ್ರೋಟೀನನ್ನು ಹುಡುಕುವುದು. ಆಮೇಲೆ ರಕ್ತದಲ್ಲಿ ಅದು ಕಡಿಮೆಯಾಗುತ್ತದೆ, ಆಗ ದೇಹ ವೈರಸ್ಸಿನ ವಿರುದ್ಧ ತಯಾರಿಸಿದ ಐಜಿಎಂ ಅನ್ನುವ ಪ್ರತಿಕಾಯ ನೋಡಬೇಕು. ಇಲಿಜ್ವರದಲ್ಲೂ ಅಷ್ಟೇ, ಮೊದಲ ದಿನಗಳಲ್ಲಿ ರೋಗಾಣುವನ್ನೇ ಹುಡುಕುವ ಪಿಸಿಆರ್, ವಾರ ಕಳೆದ ಮೇಲೆ ಪ್ರತಿಕಾಯ ಹುಡುಕುವ ಎಲೈಸಾ. ಎರಡನೇ ದಿನ ಬಂದು ಐಜಿಎಂ ಮಾಡಿಸಿದರೆ ಏನೂ ಕಾಣುವುದಿಲ್ಲ. ಚೀಟಿ ಹಿಡಿದು ಸಂತೋಷದಿಂದ ಮನೆಗೆ ಹೋಗುತ್ತಾರೆ, ಐದನೇ ದಿನ ಆಟೋದಲ್ಲಿ ಮಲಗಿಸಿಕೊಂಡು ಬರುತ್ತಾರೆ. ಅದಕ್ಕೆ ‘ಕಂಡುಬಂದಿಲ್ಲ’ ಅನ್ನಿ. ಕಂಡುಬಂದಿಲ್ಲ ಬೇರೆ, ಇಲ್ಲ ಬೇರೆ. ಈ ಎರಡನ್ನು ಬೇರೆ ಮಾಡಲು ಕನ್ನಡಕ್ಕೆ ಯಾರ ಸಾಲವೂ ಬೇಡ.

ಸೊಲ್ಲಾಪುರದಿಂದ:

ಕನ್ನಡ ಬೋರ್ಡಿನಲ್ಲಿ ಮಲಯಾಳ ಪದ. ಅಲ್ಲಿಗೆ ಮುಗಿಯಿತು.

ಬದಿಯಡ್ಕದಿಂದ:

ಸಾರ್, ನಿಪಾ ಮಲೇಷ್ಯಾದ ಹಳ್ಳಿಯ ಹೆಸರು, ಚಿಕೂನ್‌ಗುನ್ಯಾ ಆಫ್ರಿಕಾದ ಮಕೊಂಡೆ ಮಾತು. ಅವೆರಡನ್ನೂ ನೀವು ಏನೂ ಅನ್ನಲಿಲ್ಲ. ಪಕ್ಕದ ಮನೆಯದು ಮಾತ್ರ ಯಾಕೆ ಚುಚ್ಚುತ್ತದೆ? (ಯಾಕೆ ಅಂತ ನನಗೂ ಗೊತ್ತು, ಸುಮ್ನೆ ಕೇಳಿದೆ.)

ಕಳಿಸಿದ್ದು ಇದು:

‘ಹೊಸದಾಗಿ ಬಂದ, ಮತ್ತೆ ತಲೆಯೆತ್ತಿದ ಸೋಂಕು ರೋಗಗಳು. ಜ್ವರ ಬಂದರೆ ಯಾವ ಜ್ವರ ಅಂತ ಬೇಗ ಪರೀಕ್ಷೆ ಮಾಡಿಸಿ. ಜ್ವರ ಶುರುವಾಗಿ ಎಷ್ಟು ದಿನ ಆಯಿತು ಅಂತ ಮರೆಯದೆ ಹೇಳಿ. ಮೈಯಲ್ಲಿ ಸುಟ್ಟಂಥ ಕಪ್ಪು ಕಲೆ ಇದ್ದರೆ ತೋರಿಸಿ. ಪರೀಕ್ಷೆಯಲ್ಲಿ ಏನೂ ಕಂಡುಬಂದಿಲ್ಲ ಅಂದರೂ ಜ್ವರ ಬಿಡದಿದ್ದರೆ ಮತ್ತೆ ಬನ್ನಿ.’

ಪಟ್ಟಿಯಲ್ಲಿ ಇಲಿಜ್ವರ, ಡೆಂಗಿ, ಮಂಗನ ಕಾಯಿಲೆ, ಚೆಳ್ಳುಪನಿ, ನಿಪಾ. ನಿರ್ಣಯ ಬಿಟ್ಟೆ, ನಮ್ಮಲ್ಲಿ ಅದು ಪಂಚಾಯತಿನ ಮೀಟಿಂಗಿನಲ್ಲಿ ಆಗುವುದು.

ಮೈಸೂರಿನಿಂದ:

‘ಪರೀಕ್ಷೆ’ ಸಂಸ್ಕೃತ. ಸುಮ್ಮನೆ ಹೇಳಿದೆ.

ನೀರ್ಚಾಲಿನಿಂದ:

‘ತಲೆಯೆತ್ತಿದ’ಕ್ಕಿಂತ ‘ತಲೆದೋರಿದ’ ಚೆನ್ನಾಗಿತ್ತು. ತಲೆ ತೋರು, ತಕಾರಕ್ಕೆ ದಕಾರ. ಅದಿರಲಿ. ಈ ‘ಚೆಳ್ಳು’ವಿಗೂ ನಮ್ಮ ‘ಚೇಳು’ವಿಗೂ ನೆಂಟಸ್ತಿಕೆ ಇದೆಯಾ? ಎರಡೂ ಕಚ್ಚುವಂಥವೇ. ನಾಳೆ ಬೇರೆ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ.