ಸಾಕಿದ ಟಗರು ಗಂಟಲಲ್ಲಿ ಇಳಿಯಲಿಲ್ಲ, ಅಂಗಡಿಯ ಕೋಳಿ ಇಳಿಯುತ್ತದೆ. ಇದು ಯಾವ ನ್ಯಾಯ?

ಕುಷ್ಟಗಿಯ ಹುಡುಗ:
ನಮ್ಮದು ಕುಷ್ಟಗಿ ತಾಲ್ಲೂಕಿನಲ್ಲಿ ಕುರಿ ಸಾಕುವ ಮನೆ. ನಾನು ಕೊಪ್ಪಳದಲ್ಲಿ ಕಚೇರಿ ಕೆಲಸದಲ್ಲಿದ್ದೇನೆ. ಅಕ್ಕನ ಮಗನ ಜವಳದ ಊಟಕ್ಕೆ ಅಪ್ಪ ದಡ್ಡಿಯಲ್ಲಿದ್ದ ಒಂದು ಕೆಂಗುರಿ ಟಗರನ್ನು ಕೊಯ್ಯಿಸಿದರು. ಅದು ತಬ್ಬಲಿ ಮರಿ. ಹುಟ್ಟಿದ ವಾರದಲ್ಲೇ ತಾಯಿ ಸತ್ತಾಗ ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿ ಬದುಕಿಸಿದವನು ನಾನು. ಪಂಕ್ತಿಯಲ್ಲಿ ಎಲ್ಲರ ಜೊತೆ ಕುಳಿತೆ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಎದ್ದೆ. ಅಪ್ಪ ಒಂದೇ ಮಾತು ಕೇಳಿದರು: "ಭಾನುವಾರ ಕೋಳಿ ತರುವಾಗ ಈ ಕರುಣೆಯನ್ನು ಎಲ್ಲಿ ಇಟ್ಟಿರುತ್ತೀ?"

ಉತ್ತರ ಹೊಳೆಯಲಿಲ್ಲ. ಸಾಕಿದ್ದನ್ನು ತಿನ್ನದೆ ಸಾಕದ್ದನ್ನು ತಿನ್ನುವುದಕ್ಕೆ ಏನಾದರೂ ಸಮರ್ಥನೆ ಇದೆಯೇ? "ಎಲ್ಲ ಬಿಟ್ಟುಬಿಡು", "ಪ್ರಕೃತಿಯ ನಿಯಮ" ಎಂಬ ಎರಡು ಉತ್ತರಗಳನ್ನು ದಯವಿಟ್ಟು ಬರೆಯಬೇಡಿ. ಅವೆರಡನ್ನೂ ಮನೆಯಲ್ಲೇ ಕೇಳಿದ್ದೇನೆ.

ರಾಯಚೂರಿನ ಓದುಗ:
ನೀವು ಬೇಡವೆಂದರೂ ಅದನ್ನೇ ಬರೆಯುತ್ತೇನೆ. ಪ್ರಾಣಿಹತ್ಯೆ ಬೇಡ ಎಂದು ಅಶೋಕ ನಮ್ಮ ಮಸ್ಕಿಯ ಬಂಡೆಯ ಮೇಲೆ ಕೆತ್ತಿಸಿ ಎರಡು ಸಾವಿರ ವರ್ಷ ದಾಟಿದೆ. ನಮ್ಮ ಕಡೆಯವರಿಗೆ ಇನ್ನೂ ಸಂದೇಹವೇ? ಹುಟ್ಟಿದಾಗಿನಿಂದ ಹಾಲು, ಮೊಸರು, ಬೇಳೆಯಲ್ಲೇ ಗಟ್ಟಿಯಾಗಿದ್ದೇನೆ. ಕೈಗೆ ರಕ್ತ ಹತ್ತಿಲ್ಲ.

ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಗಂಗಾವತಿ:
ರಾಯಚೂರಿನವರೇ, ಮಸ್ಕಿಯ ಶಾಸನದಲ್ಲಿ ಅಡುಗೆಮನೆಯ ಮಾತೇ ಇಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರನಿಗೆ ಸಿಕ್ಕಿದ ಆ ಬಂಡೆ ಪ್ರಸಿದ್ಧವಾದದ್ದು ಅದರಲ್ಲಿ ಅಶೋಕನ ಹೆಸರೇ ಇದೆ ಎಂಬ ಕಾರಣಕ್ಕೆ. ನೀವು ಹೇಳುವ ಮಾತು ಇರುವುದು ಬೇರೆ ಶಾಸನದಲ್ಲಿ. ಬಳ್ಳಾರಿಯ ಆಚೆ ಕರ್ನೂಲು ಸೀಮೆಯ ಎರ್ರಗುಡಿಯಲ್ಲೂ ಅದರ ಪ್ರತಿ ಇದೆ. ಮೊದಲು ಅರಮನೆಯ ಅಡುಗೆಗೆ ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ದಿನವೂ ಇಲ್ಲ, ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎನ್ನುತ್ತಾನೆ ಅರಸ. ಆಜ್ಞೆ ಕೆತ್ತಿಸುವ ಹೊತ್ತಿಗೂ ಒಲೆಯ ಮೇಲೆ ನವಿಲು ಬೇಯುತ್ತಿತ್ತು! ಅವನ ಆ ಪ್ರಾಮಾಣಿಕತೆ ನನಗೆ ಇಷ್ಟ.

ನನಗೆ ಇನ್ನೂ ಮುಖ್ಯವೆನಿಸುವುದು ಉತ್ತರ ಭಾರತದಲ್ಲಿ ಅವನ ಕಂಬಗಳ ಮೇಲಿರುವ ಐದನೆಯ ಶಾಸನ. ಗಬ್ಬದ, ಇಲ್ಲವೇ ಮರಿಗೆ ಹಾಲೂಡಿಸುವ ಆಡು, ಕುರಿ, ಹಂದಿಯನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದು ಎನ್ನುತ್ತದೆ ಅದು. ನಮ್ಮ ಸರ್ಕಾರದ 2001ರ ಕಸಾಯಿಖಾನೆ ನಿಯಮಗಳನ್ನು ತೆಗೆದು ನೋಡಿ. ಗಬ್ಬದ ಪ್ರಾಣಿ ಕೂಡದು, ಮೂರು ತಿಂಗಳೊಳಗಿನ ಮರಿಯಿರುವ ತಾಯಿ ಕೂಡದು, ಒಂದನ್ನು ಇನ್ನೊಂದರ ಕಣ್ಣೆದುರು ಕೊಯ್ಯಕೂಡದು. ತಿನ್ನಬೇಡ ಎಂದು ಎಲ್ಲರಿಗೂ ಹೇಳಿ ಗೆಲ್ಲಲಾಗದು ಎಂದು ಅರಿತವರು ಬರೆದ ಮಾತುಗಳು ಇವು. ಕೆಲಸಕ್ಕೆ ಬರುವುದು ಇಂಥವೇ.

ತಮ್ಮ, ಈಗ ನಿನ್ನ ಪ್ರಶ್ನೆ. ನಿನ್ನ ಟಗರು ಮುಂಗಾರಿನ ಹುಲ್ಲು ಮೇಯ್ದಿದೆ, ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಭತ್ತದ ಗದ್ದೆಗಳಲ್ಲಿ ಕೂಳೆ ಮೇಯ್ದಿದೆ, ರಾತ್ರಿ ಯಾರದೋ ಹೊಲದಲ್ಲಿ ತರುಬಿ ಗೊಬ್ಬರ ಕೊಟ್ಟಿದೆ, ಹಿಂಡಿನ ಜೊತೆ ಹಾದಿ ನಡೆದಿದೆ. ಕೊನೆಯ ದಿನದ ಅರ್ಧ ಗಳಿಗೆ ಬಿಟ್ಟರೆ ಅದು ಕುರಿಯಾಗಿಯೇ ಬದುಕಿತು. ಅಂಗಡಿಯ ಬ್ರಾಯ್ಲರ್ ಬದುಕುವುದು ಸುಮಾರು ಆರು ವಾರ. ಐದನೆಯ ವಾರ ಶೆಡ್ಡಿಗೆ ಹೋಗಿ ನೋಡು. ಎದೆ ಬೆಳೆದಷ್ಟು ಕಾಲು ಬೆಳೆದಿರುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಕೂರುತ್ತವೆ, ಕೂತು ಕೂತು ಎದೆಯ ಪುಕ್ಕ ಸವೆದು ಕೆಂಪು ಚರ್ಮ ಕಾಣುತ್ತದೆ. ಅದಕ್ಕೆ ಯಾರೂ ಹೊಡೆದಿಲ್ಲ, ಬೈದಿಲ್ಲ. ಅದರ ತಳಿಯೇ ಹಾಗೆ, ಬೇಗ ತೂಕ ಬರಲೆಂದು ಆರಿಸಿ ತೆಗೆದದ್ದು. ಜೀವಗಳ ಲೆಕ್ಕವನ್ನೂ ಹಾಕು. 30 ಕಿಲೋ ತೂಗುವ ಟಗರಿನಿಂದ ಸುಮಾರು 14 ಕಿಲೋ ಮಾಂಸ ಬಂದರೆ, ಅಷ್ಟಕ್ಕೇ ಹತ್ತು ಕೋಳಿಗಳಾದರೂ ಬೇಕು. ನಿನ್ನ ಕರುಣೆ ಸುಳ್ಳಲ್ಲ, ಆದರೆ ಹೆಚ್ಚು ನರಳಿದ್ದನ್ನು ಬಿಟ್ಟು ಗುರುತಿದ್ದದ್ದರ ಬಳಿ ಹೋಗಿ ನಿಂತಿದೆ. ಅಪ್ಪನ ಪ್ರಶ್ನೆ ಸರಿಯಾದದ್ದೇ. ಬಿಡುವುದಾದರೆ ಮೊದಲು ಭಾನುವಾರದ ಕೋಳಿಯನ್ನು ಬಿಡು.

ಹಾಲು ಮೊಸರಿನವರಿಗೂ ಒಂದು ಮಾತು. ಮಿಶ್ರತಳಿ ಹಸು ಗಂಡುಕರು ಹಾಕಿದರೆ ಮನೆಯವರ ಮುಖ ಹೇಗೆ ಬಾಡುತ್ತದೆ ಎಂಬುದನ್ನು ಸೇವೆಯುದ್ದಕ್ಕೂ ಕಂಡಿದ್ದೇನೆ. ಉಳುಮೆಗೆ ಟ್ರ್ಯಾಕ್ಟರ್ ಇದೆ, ಮಾರಲು ದಾರಿಯಿಲ್ಲ. ಕೆಚ್ಚಲಿಗೆ ಹಾಲು ಇಳಿಯುವಷ್ಟು ಹೊತ್ತು ಕರುವನ್ನು ಬಿಟ್ಟು ಎಳೆದು ಕಟ್ಟುತ್ತಾರೆ. ಕೆಲವೇ ವಾರಗಳಲ್ಲಿ ಅದು ತಾನಾಗಿಯೇ "ಸಾಯುತ್ತದೆ". ಮೊಟ್ಟೆಯದೂ ಇದೇ ಕಥೆ. ಮೊಟ್ಟೆಯ ತಳಿಯ ಗಂಡುಮರಿಗಳನ್ನು ಹುಟ್ಟಿದ ದಿನವೇ ತೀರಿಸುತ್ತಾರೆ. ಪಂಜರದ ಹೆಣ್ಣಿಗೆ 2023ರ ನಿಯಮ ಕೊಟ್ಟಿರುವುದು ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ. ಎ4 ಹಾಳೆ ಅದಕ್ಕಿಂತ ದೊಡ್ಡದು.

ಬಿಸಿಯೂಟದ ಅಡುಗೆಯವಳು, ಸಿರುಗುಪ್ಪ:
ಸರ್, ನೀವು ಹೇಳಿದ್ದು ನಿಜವಿರಬಹುದು. ಆದರೆ 2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಎದ್ದ ಗದ್ದಲ ನೆನಪಾಗಿ ಹೇಳುತ್ತಿದ್ದೇನೆ. ಬೇಡವೆಂದವರಿಗೆ ಬಾಳೆಹಣ್ಣು ಇತ್ತು, ಆದರೂ ಬೇಕೆಂದವರಿಗೆ ಕೊಡಬಾರದು ಎಂದು ಹೋರಾಟ ಮಾಡಿದರು. ಅವರಲ್ಲಿ ಒಬ್ಬರಾದರೂ ಕೋಳಿಯ ಪಂಜರದ ಅಳತೆ ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದು ಮಡಿ ಮೈಲಿಗೆ. ನಾನು ಸುಲಿದ ಮೊಟ್ಟೆಯನ್ನು ಮಕ್ಕಳು ಮೊದಲು ಬಿಳಿ ತಿಂದು, ಹಳದಿಯನ್ನು ಕೊನೆಯ ತುತ್ತಿಗೆಂದು ತಟ್ಟೆಯ ಅಂಚಿನಲ್ಲಿ ಇಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಹಾಲಿಲ್ಲ, ಬೇಳೆಯೂ ತಿಳಿಸಾರಿನಷ್ಟೇ. ಬಿ12 ಜೀವಸತ್ವ ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ ಎಂದು ತರಬೇತಿಯಲ್ಲಿ ನಮಗೇ ಹೇಳಿಕೊಟ್ಟಿದ್ದಾರೆ. ಪಂಜರ ದೊಡ್ಡದಾಗಲಿ, ಬೇಡವೆನ್ನುವುದಿಲ್ಲ. ಅದರ ಖರ್ಚನ್ನು ಮಕ್ಕಳ ತಟ್ಟೆಯಿಂದ ಮುರಿದುಕೊಳ್ಳಬೇಡಿ.

ರಾಯಚೂರಿನವರಿಗೆ: ಬಳ್ಳಾರಿಯಲ್ಲಿ ಬಾಡಿಗೆ ಮನೆ ಹುಡುಕುವಾಗ "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ನೋಡಿ ತಿರುಗಿ ಬಂದವಳು ನಾನು. ಆ ಬೋರ್ಡು ಕುರಿಯ ಮೇಲಿನ ದಯೆಯಿಂದ ಹಾಕಿದ್ದಲ್ಲ.

ರಾಯಚೂರಿನ ಓದುಗ:
ಬೋರ್ಡಿನ ಮಾತು ಒಪ್ಪಿದೆ ಅಕ್ಕ. ಗಂಡುಕರುವಿನ ಮಾತಿಗೆ ಸದ್ಯ ನನ್ನಲ್ಲಿ ಉತ್ತರವಿಲ್ಲ. ಕೊಲ್ಲುವುದು ತಪ್ಪೆಂಬ ನಂಬಿಕೆ ಮಾತ್ರ ಹಾಗೆಯೇ ಇದೆ.

ಕುಷ್ಟಗಿಯ ಹುಡುಗ:
ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. "ಕೂಕನಪಳ್ಳಿ ಸಂತೆಯಲ್ಲಿ ಎಳೆ ಮರಿಯನ್ನೇ ಕೇಳುವ ವ್ಯಾಪಾರಿಗೆ ಈ ಆರು ತಿಂಗಳ ಲೆಕ್ಕವನ್ನು ಅಶೋಕನೇ ಬಂದು ಹೇಳಲಿ" ಎಂದು ನಕ್ಕರು. ಬ್ರಾಯ್ಲರ್ ನಿಲ್ಲಿಸಿದ್ದೇನೆ. ಜವಾರಿ ಕೋಳಿ ದುಬಾರಿ, ಹಾಗಾಗಿ ತಿನ್ನುವುದೇ ಅಪರೂಪವಾಗಿದೆ. ಸರ್, ದಡ್ಡಿಯ ಹತ್ತಿರವೇ ಕೊಯ್ಯುವಾಗ ಉಳಿದವುಗಳಿಗೆ ಕಾಣದಂತೆ ಮರೆ ಕಟ್ಟಿದರೆ ಸಾಕೇ?

ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಗಂಗಾವತಿ:
ಮರೆ ಕಟ್ಟು, ಆದರೆ ಹಿಂಡಿನಿಂದ ತೀರ ದೂರಕ್ಕೆ ಒಂಟಿಯಾಗಿ ಎಳೆದುಕೊಂಡು ಹೋಗಬೇಡ. ಕುರಿ ಒಂಟಿಯಾದರೆ ಬೆದರುತ್ತದೆ. ಸಾಕಿದವರು ಯಾರಾದರೂ ಜೊತೆಗೆ ನಡೆದು, ಕತ್ತು ಹಿಡಿದು ನಿಂತರೆ ಒದ್ದಾಟ ಕಡಿಮೆ. ಜವಳದ ದಿನ ಆ ಟಗರನ್ನು ಹಿಡಿದವರು ಯಾರೆಂದು ನೀನು ಬರೆದಿಲ್ಲ. ಚಾಕುವನ್ನು ಹಿಂದಿನ ದಿನವೇ ಮಸೆಯಿಸಿಡು.