ಅಪ್‌ಡೇಟ್: ಅಮ್ಮ ಸಂಕ್ರಾಂತಿಗೆ ಕರೆದರು

ಅಪ್ಪ ಹೋದ ಮೇಲೆ ಹಾಸನದಲ್ಲಿ ಒಬ್ಬರೇ ಇರುವ ಅಮ್ಮನನ್ನು ಬೆಂಗಳೂರಿಗೆ ಕರ್ಕೊಂಡು ಬರಲಾ ಅಂತ ಎಂಟು ತಿಂಗಳ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಆಗ ಏನು ಹೇಳಿದರೂ "ನನಗಿನ್ನೇನಿದೆ" ಅನ್ನುತ್ತಿದ್ದರು, ರಾತ್ರಿ ನಿದ್ದೆ ಇರಲಿಲ್ಲ, ಬೆಳಿಗ್ಗೆ ಮರೆತು ಎರಡು ಲೋಟ ಕಾಫಿ ಬೆರೆಸಿ ಒಂದನ್ನು ಸಿಂಕಿಗೆ ಚೆಲ್ಲುತ್ತಿದ್ದರು.

ಕರೆದುಕೊಂಡು ಬರಲಿಲ್ಲ. ಆತುರ ಬೇಡ, ಅವರನ್ನೇ ಕೇಳಿ ಅಂದಿರಲ್ಲ, ಅದೇ ಸರಿ ಆಯ್ತು. ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆವು. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಮ್ಮ ಹತ್ತು ನಿಮಿಷ ಬರೀ ಅತ್ತರು. ಆಮೇಲೆ ಡಾಕ್ಟರಿಗೂ ತೋರಿಸಿದೆವು, ನಿದ್ದೆ ಸುಧಾರಿಸಿತು.

ಆದರೆ ಅಮ್ಮನನ್ನು ನಿಜವಾಗಿ ಎಬ್ಬಿಸಿದ್ದು ಪಕ್ಕದ ಮನೆ ಆಂಟಿ. ಅವರೂ ಗಂಡನನ್ನು ಕಳೆದುಕೊಂಡವರು. 2023ರ ಜೂನ್‌ನಲ್ಲೇ ಶಕ್ತಿ ಯೋಜನೆ ಬಂದಿದ್ದರೂ ಅಮ್ಮ ಒಂದು ಸಲವೂ ಫ್ರೀ ಬಸ್ ಹತ್ತಿರಲಿಲ್ಲ. ಆಂಟಿ ಆಧಾರ್ ಕಾರ್ಡ್ ಕೈಗಿಟ್ಟು, ಮಲ್ಲಿಗೆ ಮುಡಿಸಿ, ಬೇಲೂರಿಗೆ ಹೊರಡಿಸಿಯೇಬಿಟ್ಟರು. ಹೂವು ಮುಡಿದದ್ದಕ್ಕೆ ಮಾತಾಡಿದ ನೆಂಟರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆಂಟಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅಪ್ಪನ ನೆನಪಾಗಿ ಈಗಲೂ ಅಳುತ್ತಾರೆ, ಅದು ಇದ್ದೇ ಇರುತ್ತೆ ಅಲ್ವಾ. ಆದರೆ ಮೊನ್ನೆ ಅವರಾಗೇ ಫೋನ್ ಮಾಡಿದರು. "ಹಿತ್ತಲಲ್ಲಿ ಅವರೆ ಹಾಕಿದ್ದೀನಿ ಕಣೇ, ಸಂಕ್ರಾಂತಿ ಹೊತ್ತಿಗೆ ಕಾಯಿ ಬಿಡುತ್ತೆ, ಮಕ್ಕಳನ್ನ ಕರ್ಕೊಂಡು ಬಾ, ಹಿತಕಿದ ಬೇಳೆ ಸಾರು ಮಾಡ್ತೀನಿ" ಅಂದರು. ಸಂಕ್ರಾಂತಿಗೆ ಇನ್ನೂ ನಾಲ್ಕು ತಿಂಗಳಿದೆ. ನಾನು ಆಗಲೇ ರಜೆ ಹಾಕಿದ್ದೀನಿ.